ಮಂಗಳವಾರ ಸೋತ ಮ್ಯಾಚು

ಆ ಕೋರ್ಟಿನಲ್ಲಿ ಆ ಕಾಲೇಜಿನ ಹುಡುಗಿಯರನ್ನು ಸೋಲಿಸುವವರು ಇನ್ನೂ ಹುಟ್ಟಿ ಬರಬೇಕು ಎಂದು ಚೆನ್ನೈನ ಬಾಸ್ಕೆಟ್‌ಬಾಲ್ ಮಂದಿ ಮಾತಾಡಿಕೊಳ್ಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಸಂಹಿತಾ ಮೊದಲ ವರ್ಷಕ್ಕೆ ಸೇರಿದಾಗಿನಿಂದ ಕೊನೆಯ ವರ್ಷ ಮುಗಿಯುತ್ತ ಬರುವವರೆಗೆ ಆ ಸಿಮೆಂಟು ನೆಲದ ಮೇಲೆ ಅವರು ಒಂದೇ ಒಂದು ಮ್ಯಾಚು ಸೋತಿರಲಿಲ್ಲ. ಹೊರಗೆ ಹೋಗಿ ಸೋತದ್ದುಂಟು, ಕೊಯಮತ್ತೂರಿನಲ್ಲಿ ಒಮ್ಮೆ ಚೆನ್ನಾಗಿಯೇ ಮಣ್ಣು ಮುಕ್ಕಿದ್ದೂ ಉಂಟು. ಮನೆಯಂಗಳದಲ್ಲಿ ಮಾತ್ರ ಇಲ್ಲ. ಅಂಥವರು 1999ರ ಫೆಬ್ರವರಿಯ ಒಂದು ಮಂಗಳವಾರ, ತೇನಿ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬಂದ, ಐವರ ಕಾಲಲ್ಲಿ ಐದು ಬಣ್ಣದ ಶೂ ಇದ್ದ ಒಂದು ಪುಟ್ಟ ಕಾಲೇಜಿನ ಕೈಯಲ್ಲಿ ಸೋತರು. ಅರ್ಧ ಆಟಕ್ಕೆ ಹದಿನಾರು ಪಾಯಿಂಟ್ ಮುಂದಿದ್ದು ಸೋತರು.

ಊರ ಬಾಯಿ ಸುಮ್ಮನಿರುತ್ತದೆಯೇ? ರೆಫರಿ ಅವರ ಕಡೆಯವನು ಎಂದರು ಕೆಲವರು. ಕಣ್ಣು ತಗುಲಿತು ಎಂದರು ಇನ್ನು ಕೆಲವರು. ಕ್ಯಾಪ್ಟನ್‌ಗೆ ಮದ ಏರಿತ್ತು, ಬಾಲನ್ನೆಲ್ಲ ತಾನೇ ಇಟ್ಟುಕೊಂಡಳು ಎಂದವರೂ ಇದ್ದರು. ನಿಜವಾಗಿ ಏನು ನಡೆಯಿತೆಂಬುದು ಏಳೆಂಟು ಜನಕ್ಕೆ ಗೊತ್ತಿತ್ತು. ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ನಂಬುವವರು ಯಾರು?

ಆ ಕ್ಯಾಪ್ಟನ್ನೇ ಸಂಹಿತಾ. ತಂದೆ ಪಂಢರಿನಾಥರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು, ವಿಜಾಪುರ ಕಡೆಯ ಮಾಧ್ವರು. ಅಯನಾವರದ ರೈಲ್ವೆ ಕ್ವಾರ್ಟರ್ಸಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮನೆಯೊಳಗೆ ಊರಿನ ಮಾತು ಊರಿನ ಹಾಗೆಯೇ ಉಳಿದಿತ್ತು. ಅಪ್ಪ, ಅಜ್ಜಿ ಅಂಬುಜಮ್ಮ ಇಬ್ಬರೂ ಕನ್ನಡದಲ್ಲಿ ಕೇಳುವರು, ಮಗಳು ಅರ್ಧ ತಮಿಳಿನಲ್ಲಿ ಉತ್ತರ ಕೊಡುವಳು, ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ಈ ಮಡಿವಂತರ ಮನೆಯ ಹುಡುಗಿ ಚಡ್ಡಿ ಹಾಕಿಕೊಂಡು ಬಾಲಿನ ಹಿಂದೆ ಓಡುವುದಕ್ಕೆ ಮೊದಮೊದಲು ಭಾರೀ ರಂಪವಾಯಿತು. ಆಮೇಲೆ ಪೇಪರಿನಲ್ಲಿ ಫೋಟೋ ಬಂದಿತು, ಆಫೀಸಿನಲ್ಲಿ ದೊಡ್ಡ ಸಾಹೇಬರು ಪಂಢರಿನಾಥರ ಕೈ ಕುಲುಕಿದರು, ರಂಪ ತಣ್ಣಗಾಯಿತು. ಆದರೆ ಡಿಗ್ರಿ ಮುಗಿದ ಮೇಲೇನು ಎಂಬ ಪ್ರಶ್ನೆ ಹಾಗೆಯೇ ಕೂತಿತ್ತು. ಹುಬ್ಬಳ್ಳಿಯಲ್ಲಿ ಒಂದು ಸಂಬಂಧ ಗೊತ್ತಾಗಿತ್ತು. ಹುಡುಗ ಬ್ಯಾಂಕಿನವನು, ಒಳ್ಳೆಯವನೇ. ಅವರ ಮನೆಯವರಿಗೆ ಸೊಸೆ ಆಡುವುದು ಬೇಕಿರಲಿಲ್ಲ.

ಉಳಿದಿದ್ದ ದಾರಿ ಒಂದೇ. ಆ ವರ್ಷ ರೈಲ್ವೆಯ ಹೆಂಗಸರ ತಂಡಕ್ಕೆ ಒಬ್ಬ ಗಾರ್ಡ್ ಬೇಕಾಗಿದ್ದಳು. ಬಾಲನ್ನು ನಡೆಸಿಕೊಂಡು ಹೋಗಿ, ಉಳಿದ ನಾಲ್ವರನ್ನು ಆಡಿಸುವವಳು. ಆರಿಸುವವಳು ತಂಡದ ಕೋಚ್ ಸರಸ, ಹಿಂದೆ ತಾನೂ ಆಡಿ ಮೊಣಕಾಲು ಕೆಡಿಸಿಕೊಂಡವಳು, ಕೋಲಾರದ ಕಡೆಯ ಕನ್ನಡಿತಿ. ಆರಿಸಿಕೊಂಡರೆ ಆಟದ ಕೋಟಾದಲ್ಲಿ ರೈಲ್ವೆ ನೌಕರಿ, ನೌಕರಿ ಇರುವಷ್ಟು ದಿನ ಆಟ. ಪಂಢರಿನಾಥರು ಮಗಳನ್ನು ಕೂರಿಸಿಕೊಂಡು ನೇರವಾಗಿ ಹೇಳಿಬಿಟ್ಟಿದ್ದರು.

"ನೌಕರಿ ಸಿಕ್ಕರ ಆಡು, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲ ಅಂದ್ರ ಹುಬ್ಬಳ್ಳಿಯವರಿಗೆ ಹೂಂ ಅಂತೀನಿ. ಆಮ್ಯಾಲೆ ಅತ್ತು ಕರದು ಮಾಡಬಾರದು."

ಸಂಹಿತಾ ಒಪ್ಪಿಕೊಂಡಿದ್ದಳು. ಒಪ್ಪದೆ ಏನು ಮಾಡುವುದು? ಮನಸ್ಸಿನೊಳಗೆ ಮಾತ್ರ ಬಾಸ್ಕೆಟ್‌ಬಾಲ್ ಇಲ್ಲದ ತನ್ನನ್ನು ಕಲ್ಪಿಸಿಕೊಳ್ಳಲು ಹೋಗಿ ಆಗದೆ ಎದ್ದುಬಿಟ್ಟಿದ್ದಳು. ಸರಸ ಆ ಮಂಗಳವಾರದ ಸೆಮಿಫೈನಲ್ ನೋಡಲು ಬರುತ್ತಾಳೆ, ಅಲ್ಲಿಯೇ ಆರಿಸುತ್ತಾಳೆ ಎಂದು ಸುದ್ದಿ ಬಂದಾಗ ಸಂಹಿತಾ ಕೋರ್ಟಿನ ಪಕ್ಕದ ಮೆಟ್ಟಿಲ ಮೇಲೆ ಕುಳಿತು ತನ್ನ ಜೊತೆಯವರಿಗೆ ಎಲ್ಲವನ್ನೂ ಹೇಳಿಕೊಂಡಳು.

ಜೊತೆಯವರೆಂದರೆ ನಾಲ್ವರು. ವಡಪಳನಿಯ ಮಲರ್, ಅಪ್ಪ ಸಿನಿಮಾ ಸ್ಟುಡಿಯೋದಲ್ಲಿ ಲೈಟ್‌ಮ್ಯಾನ್. ಐವರಲ್ಲಿ ಅವಳೇ ಎತ್ತರ, ಅವಳದೇ ಮೆತ್ತನೆಯ ಮನಸ್ಸು. ರಾಯಪುರದ ಅರುಳ್‌ಮೇರಿ, ಬೆಸ್ತರ ಮನೆಯ ಗಟ್ಟಿ ಹುಡುಗಿ. ಅವಳು ಅಡ್ಡ ನಿಂತರೆ ದಾಟುವುದು ಕಷ್ಟ, ಬಾಯಿ ಬಿಟ್ಟರೆ ಎದುರು ನಿಲ್ಲುವುದು ಇನ್ನೂ ಕಷ್ಟ. ಅಡ್ಯಾರಿನ ಶ್ರೀಯಾ, ಇಂಗ್ಲಿಷಿನಲ್ಲೇ ಸಿಡುಕುವವಳು, ದೇವರು ದಿಂಡರೆಂದರೆ ಮೂಗು ಮುರಿಯುವವಳು. ಕೊನೆಗೆ ಸೌಕಾರ್‌ಪೇಟೆಯ ಮಾರ್ವಾಡಿ ಹುಡುಗಿ ನೇಹಾ, ಹತ್ತು ಮಾತಿಗೆ ಒಂದು ಮಾತು ಆಡುವವಳು. ಸಂಹಿತಾ ಹೇಳಿ ಮುಗಿಸಿದಾಗ ಮಲರ್ ಅವಳ ಕೈ ಹಿಸುಕಿದಳು. ಅರುಳ್‌ಮೇರಿ, ನೇಹಾ ತಮ್ಮ ಬ್ಯಾಗು ಹೆಗಲಿಗೇರಿಸಿದರು. ಶ್ರೀಯಾ ಎದ್ದು ಶೂ ಲೇಸು ಕಟ್ಟಿಕೊಂಡು ಹೊರಟೇಬಿಟ್ಟಳು. ಇಷ್ಟು ವರ್ಷದ ಗೆಳೆತನಕ್ಕೆ ಇಷ್ಟೇನಾ ಎಂದು ಸಂಹಿತಾಳಿಗೆ ಸ್ವಲ್ಪ ಬೇಜಾರಾದದ್ದು ನಿಜ.

ಮಂಗಳವಾರ ಬೆಳಗ್ಗೆ ಅಂಬುಜಮ್ಮ ಮೊಮ್ಮಗಳನ್ನು ಕೂರಿಸಿ ತಟ್ಟೆ ತುಂಬ ಉಪ್ಪಿಟ್ಟು ಹಾಕಿದರು, ಮುಗಿಯುತ್ತಿದ್ದಂತೆ ಇನ್ನೊಂದು ಸಲ ಹಾಕಿದರು. ಸಾಕು ಎಂದರೆ ಕೇಳಲಿಲ್ಲ.

"ಓಡೋ ಹುಡುಗಿ, ಹೊಟ್ಟಿ ಖಾಲಿ ಇದ್ರ ಕಾಲು ಹೆಂಗ ಏಳತಾವು? ಸುಮ್ನ ಉಣ್ಣು."

ಉಂಡೇ ಹೊರಟಳು. ಕಾಲೇಜಿನಲ್ಲಿ ಆ ದಿನ ಹಬ್ಬದ ಗದ್ದಲ. ಕೋರ್ಟಿನ ಸುತ್ತ ಬಣ್ಣದ ಕಾಗದ ಕಟ್ಟಿದ್ದರು, ಪ್ರಿನ್ಸಿಪಾಲರು ಮಧ್ಯಾಹ್ನದ ಮೇಲಿನ ಕ್ಲಾಸುಗಳಿಗೆ ರಜಾ ಕೊಟ್ಟಿದ್ದರು. ಮಧ್ಯಾಹ್ನ ಐವರೂ ಎಂದಿನಂತೆ ಬೇವಿನ ಮರದ ಕೆಳಗೆ ಸೇರಿದರು. ಮಲರ್ ತನ್ನ ಡಬ್ಬಿ ತೆರೆದು, ತನಗೆ ಅಸಿಡಿಟಿ ಎಂದು ಹೇಳಿ, ನಿಂಬೆಹಣ್ಣಿನ ಚಿತ್ರಾನ್ನವನ್ನು ಸಂಹಿತಾಳ ಮುಂದೆ ತಳ್ಳಿದಳು. ನೇಹಾ ಮಾತೇ ಆಡದೆ ತನ್ನ ಪೂರಿ ಪಲ್ಯವನ್ನು ಎದುರಿಗಿಟ್ಟಳು. ಅರುಳ್‌ಮೇರಿ ತಂದದ್ದು ಮೀನು, ಅದನ್ನು ಕೊಡುವಂತಿರಲಿಲ್ಲ. ತಾನು ಚರ್ಚಿನ ಹತ್ತಿರ ಆಗಲೇ ತಿಂದುಬಂದೆ ಎಂದು ಡಬ್ಬಿಯನ್ನು ವಾಚ್‌ಮನ್‌ಗೆ ಕೊಟ್ಟುಬಿಟ್ಟಳು. ಶ್ರೀಯಾ ಡಯಟ್ಟು ಎಂದಳು. ಶ್ರೀಯಾಳಿಗೆ ಯಾವಾಗಲೂ ಏನಾದರೊಂದು ಡಯಟ್ಟು ಇದ್ದೇ ಇರುತ್ತಿತ್ತು. ಮ್ಯಾಚಿನ ದಿನ ಊಟ ಸೇರದಿರುವುದು ಸಹಜವೆಂದು ಸಂಹಿತಾ ಆ ಎರಡೂ ಡಬ್ಬಿಗಳಿಂದ ತಿಂದಳು. ರುಚಿಯಾಗಿತ್ತು, ಸಂತೋಷದಿಂದ ತಿಂದಳು. ನನಗಾಗಿ ಎಷ್ಟು ಮಾಡುತ್ತಾರೆ ಎಂದುಕೊಂಡಳು.

ಕಾಲೇಜಿನ ಆಟದ ಮೇಷ್ಟರು ಸೀತಾ ಮೇಡಂ, ಎಲ್ಲರ ಬಾಯಲ್ಲಿ ಪಿ.ಡಿ. ಮೇಡಂ. ಮ್ಯಾಚಿಗೆ ಮೊದಲು ಹುಡುಗಿಯರನ್ನು ಒಂದು ಗಂಟೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಅವರ ಕ್ರಮ. ಆ ದಿನ ಮಧ್ಯಾಹ್ನ ಅವರು ಎಲ್ಲೂ ಕಾಣಲಿಲ್ಲ. ಆಟ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಆಟೋದಿಂದ ಇಳಿದು, ಹಣೆಯ ತುಂಬ ಕುಂಕುಮದೊಂದಿಗೆ ಓಡೋಡಿ ಬಂದರು. ಏದುಸಿರು ಬಿಡುತ್ತ ವಿಸಿಲ್ ಹುಡುಕಿದರು. ಅವರನ್ನೂ ಸಂಹಿತಾ ನೋಡಿದಳು, ನೋಡಿ ಮರೆತಳು. ಅವಳ ಕಣ್ಣು ಗ್ಯಾಲರಿಯಲ್ಲಿ ಸರಸಳನ್ನು ಹುಡುಕುತ್ತಿತ್ತು. ದಪ್ಪ ಕನ್ನಡಕದ, ಬಿಳಿ ಸಲ್ವಾರಿನ ಹೆಂಗಸು ಎದುರಾಳಿಗಳ ಬೆಂಚಿನ ಹಿಂದೆ ಹೋಗಿ ಕುಳಿತಿದ್ದಳು. ಅಲ್ಲಿಂದ ನಮ್ಮ ಕೋರ್ಟು ಚೆನ್ನಾಗಿ ಕಾಣುತ್ತದೆ, ಅದಕ್ಕೇ ಇರಬೇಕು ಎಂದು ಸಂಹಿತಾ ಖುಷಿಪಟ್ಟಳು.

ಮೊದಲ ಅರ್ಧವನ್ನು ನೋಡಿದವರು ಅದನ್ನು ಬಹಳ ದಿನ ಮರೆಯಲಿಲ್ಲ. ಬಾಲು ಯಾರ ಕೈಗೆ ಬಿದ್ದರೂ ತಿರುಗಿ ಸಂಹಿತಾಳ ಕೈಗೆ ಬರುತ್ತಿತ್ತು. ರಿಂಗಿನ ಕೆಳಗೆ ಒಂಟಿಯಾಗಿ ನಿಂತ ಮಲರ್ ತಾನೇ ಹಾಕಬಹುದಾಗಿದ್ದನ್ನು ಬಿಟ್ಟು ಅವಳಿಗೆ ಎಸೆಯುತ್ತಿದ್ದಳು. ಅರುಳ್‌ಮೇರಿ ರಿಂಗಿಗೆ ಬಡಿದು ಬಂದ ರೀಬೌಂಡ್ ಕಿತ್ತುಕೊಂಡವಳೇ ಅವಳನ್ನು ಹುಡುಕುತ್ತಿದ್ದಳು. ಸಂಹಿತಾ ಹಾಕಿದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಗ್ಯಾಲರಿಯಲ್ಲಿ ಅವಳ ಹೆಸರನ್ನು ತಾಳ ಹಾಕಿ ಕೂಗುತ್ತಿದ್ದರು. ಪ್ರತಿ ಸಲ ಅವಳು ದಪ್ಪ ಕನ್ನಡಕದ ಕಡೆ ಒಂದು ನೋಟ ಎಸೆಯುತ್ತಿದ್ದಳು. ಹದಿನಾರು ಪಾಯಿಂಟ್ ಮುಂದೆ ಇದ್ದಾಗ ಅರ್ಧ ಆಟದ ವಿಸಿಲ್ ಆಯಿತು. ಬಿಸಿಲು ಇನ್ನೂ ಇಳಿದಿರಲಿಲ್ಲ, ಸಿಮೆಂಟು ಕಾವಲಿಯ ಹಾಗೆ ಕಾದಿತ್ತು.

ಬೆಂಚಿಗೆ ಬಂದು ಸಂಹಿತಾ ಒಂದು ಬಾಟಲಿ ನೀರನ್ನು ಗಟಗಟ ಕುಡಿದು, ಇನ್ನೊಂದನ್ನು ತಲೆಯ ಮೇಲೆ ಸುರಿದುಕೊಂಡಳು. ಪಕ್ಕದಲ್ಲಿ ನಾಲ್ವರೂ ಸಾಲಾಗಿ ಕೂತರು. ನೀರಿನ ಬಾಟಲಿಗಳು ಅವರ ಕಾಲ ಬಳಿ ಮುಚ್ಚಳ ಬಿಚ್ಚದೆ ನಿಂತಿದ್ದವು. ಪಿ.ಡಿ. ಮೇಡಂ ಏನೋ ಹೇಳಲು ಹೊರಟವರು ಕುರ್ಚಿ ಹಿಡಿದು ಕುಳಿತುಬಿಟ್ಟರು. ಎದುರು ಬೆಂಚಿನಿಂದ ಆ ಕಡೆಯ ಗಾರ್ಡ್, ಪೊನ್ನುತ್ತಾಯಿ ಎಂಬ ಗಿಡ್ಡ ಹುಡುಗಿ, ಇವರ ಕಡೆಗೇ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಸೋಲುತ್ತಿರುವವಳ ಹೊಟ್ಟೆಯುರಿ ಎಂದು ಸಂಹಿತಾ ಅತ್ತ ಬೆನ್ನು ತಿರುಗಿಸಿದಳು.

ಎರಡನೆಯ ಅರ್ಧದಲ್ಲಿ ತೇನಿಯ ಹುಡುಗಿಯರು ಓಡಲು ಶುರುಮಾಡಿದರು. ಬಾಸ್ಕೆಟ್‌ಬಾಲಿನಲ್ಲಿ ಓಡುವುದೇನು ಹೊಸದಲ್ಲ, ಆದರೆ ಇದು ಬೇರೆಯದೇ ಓಟ. ಬಾಲು ಒಳಗೆ ಬಂದ ಕ್ಷಣದಿಂದ ಕೋರ್ಟಿನ ಉದ್ದಕ್ಕೂ ಒಬ್ಬೊಬ್ಬರ ಮೈಗೆ ಒಬ್ಬೊಬ್ಬರು ಅಂಟಿಕೊಂಡರು. ಸಂಹಿತಾಳನ್ನು ಮಾತ್ರ ಬಿಟ್ಟರು. ಅವಳು ಹಾಕುವಷ್ಟು ಹಾಕಲಿ ಎಂಬಂತೆ ಬಿಟ್ಟು ಉಳಿದ ನಾಲ್ವರನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಅಟ್ಟಾಡಿಸಿದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಲರ್‌ಳ ಕೈ ಮೇಲೇಳದಾಯಿತು. ರಿಂಗಿಗೆ ಹಾಕಿದ ಬಾಲು ಬೋರ್ಡನ್ನೂ ಮುಟ್ಟಲಿಲ್ಲ. ಗೋಡೆಯಂಥ ಅರುಳ್‌ಮೇರಿಯನ್ನು ಒಬ್ಬ ಕಡ್ಡಿಯಂಥ ಹುಡುಗಿ ದಾಟಿಕೊಂಡು ಹೋದಳು, ಮತ್ತೆ ಹೋದಳು. ನೇಹಾ ಬರುತ್ತಿದ್ದ ಪಾಸನ್ನು ಕಣ್ಣಾರೆ ನೋಡುತ್ತ ಕೈ ಚಾಚದೆ ನಿಂತಳು. ಶ್ರೀಯಾ ಕಾಲು ಹಿಡಿದುಕೊಂಡು ಕುಂಟಿದಳು. ಬೆಂಚಿನಲ್ಲಿದ್ದ ಮೊದಲ ವರ್ಷದ ಹುಡುಗಿಯರನ್ನು ಇಳಿಸಿದರೆ ಅವರು ಗಾಬರಿಯಲ್ಲಿ ಬಾಲನ್ನು ಹೊರಗೆ ಎಸೆದರು.

ಸಂಹಿತಾ ಒಬ್ಬಳೇ ಆಡಿದಳು. ಆಡುತ್ತ ಆಡುತ್ತ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತು. ಓಡಿ ಎಂದು ಕೂಗಿದಳು. ಯಾರೂ ಓಡಲಿಲ್ಲ. ಏನಾಗಿದೆ ನಿಮಗೆ ಎಂದು ಕೇಳಲು ಮೇಡಂಗೆ ಹೇಳಿ ಆಟ ನಿಲ್ಲಿಸಬಹುದಿತ್ತು, ಟೈಂ ಔಟ್ ಇನ್ನೂ ಉಳಿದಿತ್ತು, ಅದು ಅವಳಿಗೆ ಹೊಳೆಯಲಿಲ್ಲ. ಇನ್ನೊಂದು ಹಾಕಿದರೆ ಸಾಕು, ಇನ್ನೊಂದು ಹಾಕಿದರೆ ಸಾಕು ಎಂದೇ ಅವಳ ತಲೆ ಓಡುತ್ತಿತ್ತು. ಕೊನೆಯ ನಿಮಿಷದಲ್ಲಿ ಪೊನ್ನುತ್ತಾಯಿ ಮಲರ್‌ಳ ಕೈಯಿಂದ ಬಾಲನ್ನು, ಮಗುವಿನ ಕೈಯಿಂದ ಆಟಿಕೆ ತೆಗೆದುಕೊಂಡಷ್ಟು ಸುಲಭವಾಗಿ ತೆಗೆದುಕೊಂಡು ಹೋಗಿ ಹಾಕಿದಳು. ಮೂರು ಪಾಯಿಂಟಿನಿಂದ ಸೋತರು.

ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಇಲ್ಲ, ಒಂದು ಬೈಗುಳ ಇಲ್ಲ. ಅಷ್ಟು ಜನಕ್ಕೂ ಗರ ಬಡಿದಂತಾಗಿತ್ತು. ಗೆದ್ದ ಹುಡುಗಿಯರು ಕೂಡ ಕುಣಿಯಬೇಕೋ ಬೇಡವೋ ಎಂದು ತಮ್ಮ ಸರ್ ಮುಖ ನೋಡುತ್ತ ನಿಂತರು. ಸಂಹಿತಾ ಸ್ಕೋರ್ ಬೋರ್ಡನ್ನು ಓದಿದಳು, ಮತ್ತೆ ಓದಿದಳು. ಅಂಕಿಗಳು ಅದಲುಬದಲಾಗಿವೆ, ಈಗ ಯಾರಾದರೂ ಬಂದು ಸರಿಮಾಡುತ್ತಾರೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಯಾರೂ ಬರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವಳ ಬಾಯಿಗೆ ಹಿಡಿತ ಇರಲಿಲ್ಲ. ನಾಲ್ವರೂ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಅವಳು ನಿಂತೇ ಮಾತಾಡಿದಳು. ಬೇಕೆಂದೇ ಸೋತಿರಿ ಎಂದಳು. ನಾನೊಬ್ಬಳು ರೈಲ್ವೆಗೆ ಹೋಗುವುದು, ನೀವು ಇಲ್ಲೇ ಉಳಿಯುವುದು ನೋಡಲಾರದೆ ಹೀಗೆ ಮಾಡಿದಿರಿ, ಮೊದಲರ್ಧದಲ್ಲಿ ನಾಟಕವಾಡಿ ಎರಡನೆಯ ಅರ್ಧದಲ್ಲಿ ಕತ್ತು ಕೊಯ್ದಿರಿ ಎಂದಳು. ತಮಿಳಿನಲ್ಲಿ ಹೇಳಬಹುದಾದ ಎಲ್ಲವನ್ನೂ ಹೇಳಿದಳು, ಮುಗಿದ ಮೇಲೆ ಅವರಿಗೆ ಅರ್ಥವಾಗದ ಕನ್ನಡದಲ್ಲೂ ಹೇಳಿದಳು. ಅರುಳ್‌ಮೇರಿ ಕೂಡ ತಿರುಗಿ ಬೈಯಲಿಲ್ಲ. ಅದೇ ಅವಳಿಗೆ ಪುರಾವೆ ಅನ್ನಿಸಿತು. ತಪ್ಪು ಮಾಡದವರು ಸುಮ್ಮನಿರುತ್ತಾರೆಯೇ?

ಮಲರ್ ಎದ್ದು ಏನೋ ಹೇಳಲು ಬಂದಳು. ಎದ್ದವಳು ಹಾಗೆಯೇ ಮುಂದಕ್ಕೆ ವಾಲಿ, ಬೆಂಚಿಗೆ ಹಣೆ ತಾಗಿಸಿ ಕುಸಿದಳು.

ಪಿ.ಡಿ. ಮೇಡಂ ಗ್ಲೂಕೋಸ್ ಕಲಸಿದ ಲೋಟ ತಂದು ಅವಳ ಬಾಯಿಗೆ ಹಿಡಿದರು. ಕಣ್ಣು ಬಿಟ್ಟ ಮಲರ್ ಮುಖ ಆ ಕಡೆ ತಿರುಗಿಸಿದಳು. ತುಟಿ ಬಿರಿದು ಬಿಳಿಚಿತ್ತು, ಮೈಯಲ್ಲಿ ಒಂದು ಹನಿ ಬೆವರಿಲ್ಲ, ತೋಳ ಮೇಲೆ ಉಪ್ಪಿನ ಗೆರೆ. ಬೇಡ, ಇನ್ನೂ ದೀಪ ಹಚ್ಚುವ ಹೊತ್ತಾಗಿಲ್ಲ ಎಂದಳು. ಯಾವ ದೀಪ ಎಂದು ಕೇಳಿದರೆ ಅಳತೊಡಗಿದಳು. ಇನ್ನು ಹೇಳಿದರೇನು, ಸೋತೇ ಆಯಿತಲ್ಲ ಎಂದು ಬಿಕ್ಕುತ್ತ ಹೇಳಿದಳು. ವಡಪಳನಿ ಮುರುಗನಿಗೆ ಹರಕೆ ಹೊತ್ತಿದ್ದಳಂತೆ. ಸಂಹಿತಾಳಿಗೆ ನೌಕರಿ ಸಿಗಲೆಂದು ಮಂಗಳವಾರ ಸೂರ್ಯ ಮುಳುಗಿ ದೀಪ ಹಚ್ಚುವವರೆಗೆ ಉಪವಾಸ. ಹಾಲು ಹಣ್ಣಿನ ಉಪವಾಸವೂ ಅಲ್ಲ, ಬೇಡಿಕೊಂಡದ್ದು ದೊಡ್ಡದು ಎಂದು ತುಟಿಗೆ ನೀರೂ ಸೋಕಿಸದ ಉಪವಾಸ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ಅವರಮ್ಮ ಹೇಳಿದ್ದರು, ಅದಕ್ಕೆ ಹೇಳಲಿಲ್ಲ. ತಾನೊಬ್ಬಳು ಸ್ವಲ್ಪ ಬಳಲಿದರೆ ಉಳಿದವರು ಇದ್ದಾರಲ್ಲ ಎಂದುಕೊಂಡಿದ್ದಳು.

ಅರುಳ್‌ಮೇರಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ನೀಯುಮಾ?" ಎಂದಳು. ನೀನೂನಾ?

ಮಂಗಳವಾರ ಸಂತ ಅಂತೋಣಿಯ ದಿನ. ಅರುಳ್‌ಮೇರಿ ಬೆಳಗ್ಗೆಯೇ ಚರ್ಚಿನಲ್ಲಿ ಮೋಂಬತ್ತಿ ಹಚ್ಚಿ, ಸಂಜೆಯವರೆಗೆ ತೊಟ್ಟು ನೀರು ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಬಂದಿದ್ದಳು. ಅವಳೂ ಅಂದುಕೊಂಡದ್ದು ಅದೇ, ತಾನೊಬ್ಬಳು ತಾನೇ, ಮಲರ್ ಇದ್ದಾಳಲ್ಲ. ಇಬ್ಬರೂ ನೇಹಾಳ ಕಡೆ ತಿರುಗಿದರು. ನೇಹಾ ತಲೆ ತಗ್ಗಿಸಿ, ಹನುಮಾನ್‌ಜಿಗೆ ಎಂದು ಒಂದೇ ಮಾತನ್ನು ಮೆಲ್ಲಗೆ ಹೇಳಿದಳು. ಆಮೇಲೆ ಎಲ್ಲರೂ ಶ್ರೀಯಾಳನ್ನು ನೋಡಿದರು. ದೇವರನ್ನು ನಂಬದ ಶ್ರೀಯಾ ಮುಖ ಕೆಂಪಗೆ ಮಾಡಿಕೊಂಡು ಚಾವಣಿ ನೋಡಿದಳು. ಅವರ ಮನೆಯ ಅಡುಗೆಯ ಹೆಂಗಸು ಮಂಗಳವಾರ ದುರ್ಗೆಗೆ ಉಪವಾಸ ಮಾಡುವುದನ್ನು ಕಂಡಿದ್ದಳಂತೆ. ನಂಬಿಕೆ ಇಲ್ಲ, ಆದರೂ ಮಾಡಿದರೆ ನಷ್ಟವೇನು ಎಂದುಕೊಂಡೆ ಎಂದಳು. ಇಂಗ್ಲಿಷಿನಲ್ಲಿ ಶುರುಮಾಡಿದ್ದನ್ನು ತಮಿಳಿನಲ್ಲಿ ಮುಗಿಸಿದಳು.

ಪಿ.ಡಿ. ಮೇಡಂ ಗ್ಲೂಕೋಸಿನ ಲೋಟವನ್ನು ಬೆಂಚಿನ ಮೇಲಿಟ್ಟರು. ಹುಡುಗಿಯರ ನಡುವೆ ಅವರೂ ನೆಲದ ಮೇಲೇ ಕುಳಿತರು. ರಾಹುಕಾಲದಲ್ಲಿ ಇವಳ ಹೆಸರಿನಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ದೇವಸ್ಥಾನಕ್ಕೆ ಹೋಗಿದ್ದೆ, ಬೆಳಗ್ಗಿನಿಂದ ನಾನೂ ಏನೂ ತಿಂದಿಲ್ಲ, ಅದಕ್ಕೇ ನಿಮ್ಮ ಕಡೆ ಗಮನ ಕೊಡಲಾಗಲಿಲ್ಲ ಎಂದು ಹೇಳಿದರು.

 ಇಡೀ ಕೋಣೆಯಲ್ಲಿ ಹೊಟ್ಟೆ ತುಂಬಿದ್ದವಳು ಸಂಹಿತಾ ಒಬ್ಬಳೇ.  ಅವಳಿಗೆ ಹೊಳೆದದ್ದು ಒಂದೇ: ಸರಸ ಇನ್ನೂ ಹೋಗಿರಲಾರಳು. ನಡೆದದ್ದನ್ನು ಅವಳಿಗೆ ಹೇಳಿಬಿಟ್ಟರೆ ಎಲ್ಲವೂ ಸರಿಯಾಗುತ್ತದೆ. ಬಾಗಿಲು ತೆರೆದು ಓಡಿದಳು. ಹಿಂದಿನಿಂದ ಮಲರ್ ಏನೋ ಕೂಗಿದ್ದು ಕೇಳಿತು, ನಿಲ್ಲಲಿಲ್ಲ.

ಸರಸ ಗೇಟಿನ ಹತ್ತಿರ ಆಟೋ ಕಾಯುತ್ತಿದ್ದಳು. ಸಂಹಿತಾ ಏದುಸಿರಿನಲ್ಲೇ ಎಲ್ಲವನ್ನೂ ಒದರಿದಳು. ನನ್ನ ಟೀಮಿನವರೆಲ್ಲ ಉಪವಾಸವಿದ್ದರು, ನನಗೆ ಹೇಳಲೇ ಇಲ್ಲ, ಅದಕ್ಕೇ ಸೋತೆವು, ಇದರಲ್ಲಿ ನನ್ನ ತಪ್ಪಿಲ್ಲ, ಇನ್ನೊಂದು ಮ್ಯಾಚಿನಲ್ಲಿ ನನ್ನನ್ನು ನೋಡಿ ಎಂದು ಬೇಡಿಕೊಂಡಳು. ಸರಸ ಕನ್ನಡಕ ತೆಗೆದು ದುಪಟ್ಟಾದ ತುದಿಗೆ ಒರೆಸಿ ಮತ್ತೆ ಹಾಕಿಕೊಳ್ಳುವವರೆಗೆ ಕೇಳಿಸಿಕೊಂಡಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಗೊತ್ತು ಕಣಮ್ಮ," ಎಂದಳು. "ನಾನು ಅವ್ರ ಬೆಂಚಿನ ಹಿಂದೇನೇ ಕೂತಿದ್ದೆ. ಹಾಫ್ ಟೈಮಲ್ಲಿ ಆ ಮೋಟು ಹುಡುಗಿ ಅವ್ರ ಸಾರ್‌ಗೆ ಏನು ಹೇಳಿದ್ಲು ಗೊತ್ತಾ? ಅವ್ರಲ್ಲಿ ನಾಲ್ಕು ಜನ ನೀರು ಮುಟ್ಟಿಲ್ಲ ಸಾರ್, ಬೆವರೂ ಬರ್ತಿಲ್ಲ, ಶೂಟಿಂಗ್ ಬಿಟ್ಟು ಸುಮ್ನೆ ಓಡ್ಸೋಣ ಅಂದ್ಲು. ಅರ್ಧ ಆಟ ನೋಡಿದ್ಲು ಅಷ್ಟೆ, ಇವತ್ತಿಗೆ ಮುಂಚೆ ನಿಮ್ಮೋರ ಮುಖ ಕಂಡೋಳಲ್ಲ."

ಸಂಹಿತಾ ತಿರುಗಿ ಕೋರ್ಟಿನ ಕಡೆ ನೋಡಿದಳು.

"ನೀನು ಚೆನ್ನಾಗಿ ಆಡ್ತೀಯ. ಬಾಲ್ ಹಾಕೋರು ನನ್ಹತ್ರ ಬೇಕಾದಷ್ಟು ಜನ ಇದಾರೆ. ನಂಗೆ ಬೇಕಾಗಿರೋದು ಗಾರ್ಡು. ನಾಲ್ಕು ಜನಾನ ಆಡ್ಸೋಳು ಆ ನಾಲ್ಕು ಜನಾನ ನೋಡ್ಬೇಕು. ಬೆಳಗ್ಗೆಯಿಂದ ಜೊತೇಲೇ ಇದ್ದೆಯಲ್ಲ, ನಿಂಗೆ ಯಾಕೆ ಕಾಣ್ಲಿಲ್ಲ?"

ಈ ಪ್ರಶ್ನೆಗೆ ಸಂಹಿತಾಳ ಬಳಿ ಉತ್ತರವಿತ್ತು. ಅದು ಅವಳು ಯೋಚಿಸುವ ಮೊದಲೇ ಹೊರಗೆ ಬಂದಿತು.

"ನಾ ಅವರ ಡಬ್ಬೀನೂ ತಿಂದೆ," ಎಂದಳು.

ಸರಸ ಅವಳ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟಳು. ಪೊನ್ನುತ್ತಾಯಿಯ ಹೆಸರನ್ನು ಆಗಲೇ ಕೊಟ್ಟಾಯಿತು ಎಂದು ಮೆಲ್ಲಗೆ ಹೇಳಿ ಆಟೋ ಹತ್ತಿದಳು.

ಗೇಟಿನಿಂದ ಕೋಣೆಗೆ ಅಷ್ಟೇನೂ ದೂರವಿಲ್ಲ. ಆ ದಾರಿಯಲ್ಲಿ ಸಂಹಿತಾ ಬಹಳ ಹೊತ್ತು ನಡೆದಳು. ಇವತ್ತಿನದೇ ತನ್ನ ಕೊನೆಯ ದೊಡ್ಡ ಮ್ಯಾಚು ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಹುಬ್ಬಳ್ಳಿಗೆ ಫೋನ್ ಮಾಡುತ್ತಾರೆ, ತಾನು ಅತ್ತು ಕರೆದು ಮಾಡುವಂತಿಲ್ಲ. ಆದರೆ ಎದೆಯಲ್ಲಿ ಇರಿಯುತ್ತಿದ್ದದ್ದು ಅದಲ್ಲ. ಗೆಳತಿಯರಿಗೆ ತಾನು ಆಡಿದ ಮಾತು ಇರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಹಸಿವು ಗೊತ್ತಾದ ಮೇಲೂ, ಮಲರ್ ನೆಲದ ಮೇಲೆ ಬಿದ್ದಿದ್ದಾಗಲೂ, ತಾನು ಆ ಹಸಿವನ್ನು ಹಿಡಿದುಕೊಂಡು ನೌಕರಿ ಕೇಳಲು ಓಡಿದ್ದು ಇರಿಯುತ್ತಿತ್ತು. ಅವಳಿಗೆ ತನ್ನ ಮೇಲೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಕೋಣೆಯಲ್ಲಿ ದೀಪ ಹಾಕಿದ್ದರು. ಎದುರು ಹೋಟೆಲಿನಿಂದ ಪಿ.ಡಿ. ಮೇಡಂ ತರಿಸಿದ ಇಡ್ಲಿಯ ಪೊಟ್ಟಣಗಳು ಬೆಂಚಿನ ಮೇಲೆ ಸಾಲಾಗಿ ಇದ್ದವು, ಸಾಂಬಾರಿನ ವಾಸನೆ ತುಂಬಿತ್ತು. ಹೊರಗೆ ಕತ್ತಲಾಗಿ ಎಷ್ಟೋ ಹೊತ್ತಾಗಿದ್ದರೂ ಒಂದು ಪೊಟ್ಟಣವನ್ನೂ ಬಿಚ್ಚಿರಲಿಲ್ಲ. ಯಾಕೆ ತಿಂದಿಲ್ಲ ಎಂದು ಕೇಳಿದಳು. ನೀನು ಬರಲಿ ಎಂದು ಕಾಯುತ್ತಿದ್ದೆವು ಎಂದಳು ಮಲರ್, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಆಮೇಲೆ ತಡೆಯಲಾರದೆ, ಸಿಕ್ಕಿತಾ ಎಂದು ಕೇಳಿದಳು. ನಾಲ್ಕು ಮುಖಗಳೂ ಅವಳ ಕಡೆಗೆ ತಿರುಗಿದವು.

ಸಂಹಿತಾ ಸುಳ್ಳು ಹೇಳಲಿಲ್ಲ. ಆ ಗಿಡ್ಡ ಹುಡುಗಿಗೆ ಹೋಯಿತು ಎಂದಳು. ಅವಳು ನನಗಿಂತ ಒಳ್ಳೆಯ ಗಾರ್ಡು ಎಂದೂ ಹೇಳಿದಳು. ಮಲರ್‌ಳ ಕಣ್ಣಲ್ಲಿ ಮತ್ತೆ ನೀರಾಡಿತು. ಅರುಳ್‌ಮೇರಿ ಮುಂಗೈಯಿಂದ ಮೂಗು ಒರೆಸಿಕೊಂಡು, ಇಷ್ಟು ಹೊತ್ತಿನ ಮೇಲೆ ಮೊದಲ ಸಲ ತನ್ನ ಗಟ್ಟಿ ದನಿಯಲ್ಲಿ ಮಾತಾಡಿದಳು.

"ಅಡುತ್ತ ತಡವೆ ಸೊಲ್ಲಿಟ್ಟು ಇರಲಾಂ," ಎಂದಳು. ಮುಂದಿನ ಸಲ ಹೇಳಿಯೇ ಉಪವಾಸ ಇರೋಣ.

ಯಾರೋ ನಗಲು ಹೋಗಿ ಅತ್ತರು.   ಸಂಹಿತಾ ಪೊಟ್ಟಣ ಬಿಚ್ಚಿ, ಇಡ್ಲಿ ಮುರಿದು, ಸಾಂಬಾರಿನಲ್ಲಿ ಅದ್ದಿ, ಮೊದಲು ಮಲರ್‌ಳ ಬಾಯಿಗೆ ಇಟ್ಟಳು. ಆಮೇಲೆ ಅರುಳ್‌ಮೇರಿಗೆ, ನೇಹಾಳಿಗೆ, ಬೇಡ ಬೇಡವೆನ್ನುತ್ತ ಬಾಯಿ ತೆರೆದ ಶ್ರೀಯಾಳಿಗೆ, ಕಣ್ಣೊರೆಸಿಕೊಳ್ಳುತ್ತಿದ್ದ ಮೇಡಮ್ಮಿಗೆ ಕೊಟ್ಟಳು. ಕೊಟ್ಟು ಅಲ್ಲಿಂದ ಏಳಲಿಲ್ಲ. ಒಬ್ಬೊಬ್ಬರ ಮುಖದ ಮುಂದೆಯೂ ಕುಳಿತು, ಅವರು ಅಗಿದು ನುಂಗುವವರೆಗೆ ನೋಡುತ್ತ ಇದ್ದಳು.